ಹಾರಿತಿಯೂ ಮಾತೃಗಣವೂ

ಸಿಡುಬು ಎಂಬ ರೋಗವನ್ನು ನಮ್ಮ ಹಿಂದಿನವರು ಆ ಹೆಸರಿನಿಂದ ಕರೆಯುತ್ತಿದ್ದುದು ಕಡಮೆ. ಮಗುವಿನ ಮೈಮೇಲೆ ಬೊಕ್ಕೆಗಳೆದ್ದರೆ 'ಅಮ್ಮ ಬಂದಿದ್ದಾಳೆ' ಎಂದು ತಗ್ಗಿದ ಧ್ವನಿಯಲ್ಲಿ ಹೇಳುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪನ್ನು ಸಿಕ್ಕಿಸಿ, ಅಡಿಗೆಯಲ್ಲಿ ಒಗ್ಗರಣೆಯನ್ನು ನಿಲ್ಲಿಸಿ, ಮನೆಗೆ ದಯಮಾಡಿಸಿದ ಹಿರಿಯ ಹೆಂಗಸೊಬ್ಬಳಿಗೆ ಎಲ್ಲಿ ಅಸಮಾಧಾನವಾಗುವುದೋ ಎಂದು ಅಂಜಿ ನಡೆಯುವಂತೆ ನಡೆದುಕೊಳ್ಳುತ್ತಿದ್ದರು. ಆಕೆ ಶಾಂತಳಾಗಿ ತೆರಳಿದರೆ ತಂಬಿಟ್ಟು ಮೊಸರನ್ನಗಳ ತಂಪು ನೈವೇದ್ಯ. ತೆರಳುವಾಗ ಮಗುವನ್ನೂ ಕರೆದುಕೊಂಡು ಹೋದರೆ ಮೌನ. ಮಗುವು ಮೊತ್ತಮೊದಲು ಕಲಿಯುವ ಮಾತು ಯಾವುದೋ ಅದೇ ಮಾತನ್ನು, ಮಗುವನ್ನು ಕಸಿಯುವ ವ್ಯಾಧಿಗೂ ಇಟ್ಟಿದ್ದರೆಂಬುದು ಯೋಚಿಸಿದಷ್ಟೂ ವಿಸ್ಮಯವನ್ನುಂಟುಮಾಡುವ ಸಂಗತಿಯಾಗಿದೆ.

ಕೊಲ್ಲುವವಳನ್ನು ತಾಯಿಯೆಂದು ಕರೆಯುವ ಈ ರೂಢಿಯು ನಮ್ಮ ಹಳ್ಳಿಗಳಲ್ಲಿ ಮಾತ್ರವೇ ಹುಟ್ಟಿದುದಲ್ಲ. ಬೌದ್ಧರ ವಿನಯಗ್ರಂಥಗಳಲ್ಲಿಯೂ, ಮಹಾಭಾರತದಲ್ಲಿಯೂ, ಆಯುರ್ವೇದದ ಸಂಹಿತೆಗಳಲ್ಲಿಯೂ, ಗುಹೆಗಳ ಶಿಲ್ಪಗಳಲ್ಲಿಯೂ, ಕಡೆಗೆ ಕನ್ನಡನಾಡಿನ ಅರಸರ ಶಾಸನಗಳಲ್ಲಿಯೂ ಅದರ ಹೆಜ್ಜೆಗಳು ಕಾಣಬರುತ್ತವೆ. ಈ ಹೆಜ್ಜೆಗಳಲ್ಲಿ ಒಂದನ್ನು, ಎಂದರೆ ಹಾರಿತಿಯೆಂಬ ಯಕ್ಷಿಯ ವೃತ್ತಾಂತವನ್ನು, ಹಿಡಿದು ನಾವು ಈ ಹೊತ್ತು ನಡೆಯಬೇಕೆಂದಿದ್ದೇವೆ. ಬೌದ್ಧ ದೇವತೆಗಳ ಪೈಕಿ ಕನ್ನಡಿಗರಿಗೆ ಹೆಚ್ಚು ಪರಿಚಿತಳಾದವಳು ತಾರಾ ಭಗವತಿ. ಡಂಬಳದ ಕ್ರಿ.ಶ. 1095ರ ಶಾಸನವು ಆಕೆಯ ಸ್ತುತಿಯಿಂದ ಮೊದಲಾಗುತ್ತದೆ. ಬಳ್ಳಿಗಾವೆಯಲ್ಲಿ ಆಕೆಯ ವಿಗ್ರಹ ದೊರೆತಿದೆ. ತಾರೆಯು ಕೇವಲ ಕರುಣೆಯ ಮೂರ್ತಿ; ಆಕೆಯೆದುರಿಗೆ ಅಂಜಿಕೆಗೆ ಎಡೆಯಿಲ್ಲ. ಹಾರಿತಿಯ ಮಾತು ಬೇರೆ.

ಹಾರಿತಿಯ ಕಥೆಯು ಮೂಲಸರ್ವಾಸ್ತಿವಾದಿಗಳೆಂಬ ಬೌದ್ಧ ಪಂಗಡದವರ ವಿನಯದಲ್ಲಿ ವಿಸ್ತಾರವಾಗಿ ಬಂದಿರುತ್ತದೆ. ಮಗಧದ ರಾಜಧಾನಿಯಾದ ರಾಜಗೃಹದಲ್ಲಿ ಆ ನಗರವನ್ನು ಕಾಯುತ್ತಿದ್ದ ಯಕ್ಷನೊಬ್ಬನಿಗೆ ಹೆಣ್ಣುಮಗು ಹುಟ್ಟಿತು. ಅದರ ಚೆಲುವನ್ನು ನೋಡಿ ಯಕ್ಷರೆಲ್ಲರೂ ಹಿಗ್ಗಿದುದರಿಂದ ಅಭಿರತಿಯೆಂದು ಹೆಸರಾಯಿತು. ಬೆಳೆದ ಮೇಲೆ ಆಕೆಯನ್ನು ಗಂಧಾರದ ಯಕ್ಷಪ್ರಮುಖನ ಮಗನಾದ ಪಾಂಚಿಕನಿಗೆ ಕೊಟ್ಟು ಮದುವೆ ಮಾಡಿದರು. ಆಕೆಗೆ ಐನೂರು ಮಂದಿ ಮಕ್ಕಳಾದರು. ಆಮೇಲೆ ಆಕೆಯು ರಾಜಗೃಹದ ಜನರ ಮಕ್ಕಳನ್ನು ಒಂದೊಂದಾಗಿ ಕದ್ದು ತಿನ್ನತೊಡಗಿದಳು. ನಗರವನ್ನು ಕಾಯುವ ಮನೆತನದಲ್ಲಿ ಹುಟ್ಟಿದವಳೇ ನಗರದ ಮಕ್ಕಳಿಗೆ ಮೃತ್ಯುವಾದಳು. ಜನರು ಅರಸನಾದ ಬಿಂಬಿಸಾರನಲ್ಲಿ ಮೊರೆಯಿಟ್ಟರು, ಯಕ್ಷರಿಗೆ ಬಲಿಯನ್ನಿತ್ತರು, ಯಾವುದೂ ಫಲಿಸಲಿಲ್ಲ. ಕದ್ದವಳು ಯಾರೆಂಬುದು ತಿಳಿದ ಮೇಲೆ, ಇವಳು ಅಭಿರತಿಯಲ್ಲ, ಹರಿಸುವವಳು, ಅಪಹರಿಸುವವಳು, ಹಾರಿತಿ ಎಂದು ಹೆಸರನ್ನೇ ಬದಲಾಯಿಸಿದರು.

ಮುಂದಿನದನ್ನು ಅನೇಕರು ಬಲ್ಲರು. ಬುದ್ಧನು ಭಿಕ್ಷೆಗಾಗಿ ಹೊರಟು, ಆಕೆಯಿಲ್ಲದ ಹೊತ್ತಿನಲ್ಲಿ ಆಕೆಯ ಮನೆಗೆ ಹೋಗಿ, ಕೊನೆಯ ಮಗನಾದ ಪ್ರಿಯಂಕರನನ್ನು ತನ್ನ ಭಿಕ್ಷಾಪಾತ್ರೆಯ ಕೆಳಗೆ ಮರೆಮಾಡಿದನು. ಹಾರಿತಿಯು ಹಿಂದಿರುಗಿ ನೋಡಿದಾಗ ಮಗನಿಲ್ಲ. ಎದೆಯನ್ನು ಬಡಿದುಕೊಳ್ಳುತ್ತ, ಕೂದಲನ್ನು ಕೆದರಿಕೊಂಡು, ನಗರದ ಬೀದಿಬೀದಿಗಳಲ್ಲಿ, ಉದ್ಯಾನಗಳಲ್ಲಿ, ದಿಕ್ಕುದಿಕ್ಕಿನ ಲೋಕಗಳಲ್ಲಿ ಹುಡುಕಿದಳು. ಕಡೆಗೆ ಯಕ್ಷರಾಜನಾದ ವೈಶ್ರವಣನು, ಬುದ್ಧನಲ್ಲಿಗೆ ಹೋಗೆಂದನು. ಐನೂರರಲ್ಲಿ ಒಬ್ಬನು ಕಾಣದೆ ಹೋದುದಕ್ಕೆ ನಿನಗಿಷ್ಟು ಸಂಕಟವಾದರೆ, ಇದ್ದೊಂದನ್ನು ಕಳೆದುಕೊಂಡವರಿಗೆ ಎಷ್ಟಾಗಬೇಡವೆಂದು ಬುದ್ಧನು ಕೇಳಿದನು. ಹಾರಿತಿಯು ಶರಣಾದಳು; ಮಗನು ದೊರೆತನು.

ಸಾಮಾನ್ಯವಾಗಿ ಈ ಕಥೆಯನ್ನು ಹೇಳುವವರು ಇಲ್ಲಿಗೇ ನಿಲ್ಲಿಸಿ, ಇದು ಕರುಣೆಯ ಉಪದೇಶವೆಂದು ಮುಗಿಸುತ್ತಾರೆ. ಆದರೆ ಗ್ರಂಥದಲ್ಲಿ ಇದರ ಹಿಂದೊಂದು ಭಾಗವೂ ಮುಂದೊಂದು ಭಾಗವೂ ಇವೆ. ನಮ್ಮ ಎಣಿಕೆಯಲ್ಲಿ ಕಥೆಯ ಜೀವವಿರುವುದು ಆ ಎರಡರಲ್ಲಿ.

ಹಿಂದಿನದು ಪೂರ್ವಜನ್ಮದ ವೃತ್ತಾಂತ. ಅದೇ ರಾಜಗೃಹದಲ್ಲಿ ದನಗಾಹಿಯೊಬ್ಬನ ಹೆಂಡತಿ ಇದ್ದಳು. ತುಂಬು ಬಸುರಿಯಾದ ಆಕೆಯು ಮಜ್ಜಿಗೆಯ ಗಡಿಗೆಯನ್ನು ಹೊತ್ತು ಮಾರಲು ಬರುತ್ತಿರುವಾಗ, ಉತ್ಸವಕ್ಕಾಗಿ ಉದ್ಯಾನಕ್ಕೆ ಹೊರಟಿದ್ದ ಐನೂರು ಮಂದಿ ನಾಗರಿಕರು ಎದುರಾದರು. ಬಾ, ನಮ್ಮೊಡನೆ ಕುಣಿ ಎಂದು ಕರೆದರು. ಅವರ ಉತ್ಸಾಹಕ್ಕೆ ಸಿಕ್ಕಿ ಆಕೆ ಕುಣಿದಳು. ಆ ಆಯಾಸದಿಂದ ಗರ್ಭಪಾತವಾಯಿತು. ಐನೂರು ಮಂದಿಯೂ ತಮ್ಮ ಪಾಡಿಗೆ ತಾವು ಉದ್ಯಾನಕ್ಕೆ ನಡೆದರು. ಬೀದಿಯಲ್ಲಿ ಒಬ್ಬಳೇ ಉಳಿದ ಆ ಹೆಂಗಸು ಮಜ್ಜಿಗೆಯನ್ನು ಕೊಟ್ಟು ಐನೂರು ಮಾವಿನಹಣ್ಣುಗಳನ್ನು ಕೊಂಡು, ದಾರಿಯಲ್ಲಿ ಕಂಡ ಪ್ರತ್ಯೇಕಬುದ್ಧನೊಬ್ಬನಿಗೆ ಅವುಗಳನ್ನು ಅರ್ಪಿಸಿ, ಆ ಪುಣ್ಯದ ಬಲದಿಂದ ಮುಂದೆ ಇದೇ ನಗರದಲ್ಲಿ ಹುಟ್ಟಿ ಈ ಜನರ ಮಕ್ಕಳನ್ನು ತಿನ್ನುವಂತಾಗಲೆಂದು ಕೋರಿಕೊಂಡಳು.

ಗ್ರಂಥಕಾರರು ಇದನ್ನು ದುಷ್ಟಸಂಕಲ್ಪವೆಂದು ಹೇಳಿ ಮುಂದಕ್ಕೆ ಹೋಗುತ್ತಾರೆ. ಅವರ ಧರ್ಮವಿಚಾರದ ದೃಷ್ಟಿಗೆ ಅದು ಸರಿ. ಆದರೆ ಕಥೆಯನ್ನು ಹೀಗೆ ಕಟ್ಟಿದವರು ಒಂದು ಲೆಕ್ಕವನ್ನು ಮರೆಯಲಿಲ್ಲವೆಂಬುದನ್ನು ಗಮನಿಸಬೇಕು: ಐನೂರು ಮಂದಿ ನೋಡುತ್ತ ಹೋದರು, ಐನೂರು ಹಣ್ಣುಗಳಾದುವು, ಐನೂರು ಮಕ್ಕಳು ಹುಟ್ಟಿದರು. ಮಗುವನ್ನು ಕಳೆದುಕೊಂಡು ಬೀದಿಯಲ್ಲಿ ಕುಸಿದ ಹೆಣ್ಣಿನ ಕಡೆಗೆ ಒಬ್ಬರೂ ತಿರುಗಿ ನೋಡದಿದ್ದ ಊರಿನಲ್ಲಿ ಆ ದುಃಖವು ರಾಕ್ಷಸಿಯಾಗಿ ಹಿಂದಿರುಗಿತೆಂಬುದು ಆ ಲೆಕ್ಕದ ಅರ್ಥವಲ್ಲದೆ ಬೇರೇನು? ಪಿಶಾಚಿಗಳ ಕಥೆಗಳನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವವರು ಇಂತಹ ಎಡೆಗಳಲ್ಲಿ ಒಂದು ಕ್ಷಣ ತಡೆದು ನೋಡುವುದು ಒಳ್ಳೆಯದು. ಬಸುರಿಯಾಗಿ ಸತ್ತವರು, ಬಾಣಂತಿಯಾಗಿ ಸತ್ತವರು ದೆವ್ವವಾಗಿ ಎಳೆಯ ಮಕ್ಕಳನ್ನು ಹಿಡಿಯುತ್ತಾರೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿಯೂ ಇದ್ದಿತು.

ಇನ್ನು ಮುಂದಿನ ಭಾಗ. ಶರಣಾದ ಹಾರಿತಿಯು ಬುದ್ಧನನ್ನು ಬಹಳ ವ್ಯಾವಹಾರಿಕವಾದ ಒಂದು ಪ್ರಶ್ನೆಯನ್ನು ಕೇಳಿದಳು: ಇನ್ನು ಮೇಲೆ ನಾನೂ ನನ್ನ ಮಕ್ಕಳೂ ತಿನ್ನುವುದೇನನ್ನು? ತಿನ್ನುವುದು ತಪ್ಪು ಎಂದರೆ ಹಸಿವು ಅಡಗುವುದಿಲ್ಲ. ಅದಕ್ಕೆ ಬುದ್ಧನು, ಜಂಬೂದ್ವೀಪದಲ್ಲಿ ನನ್ನ ಶಿಷ್ಯರಿರುವ ವಿಹಾರಗಳಲ್ಲೆಲ್ಲ ಊಟದ ಕೊನೆಯಲ್ಲಿ ನಿನಗೂ ನಿನ್ನ ಮಕ್ಕಳಿಗೂ ಒಂದು ಪಾಲನ್ನು ಇಡುವರು, ನೀವು ತೃಪ್ತರಾಗಿರಿ, ವಿಹಾರಗಳನ್ನು ಕಾಯಿರಿ ಎಂದು ಏರ್ಪಡಿಸಿದನು. ಎಂದರೆ ಯಕ್ಷಿಯನ್ನು ಕೊಲ್ಲಲಿಲ್ಲ, ಊರಿನಿಂದ ಹೊರಕ್ಕೆ ಅಟ್ಟಲಿಲ್ಲ; ಅನ್ನದಲ್ಲಿ ಪಾಲನ್ನು ಕೊಟ್ಟು ಮನೆಯೊಳಕ್ಕೆ ತೆಗೆದುಕೊಂಡರು.

ಇದು ಪುಸ್ತಕದ ಮಾತಾಗಿ ಉಳಿಯಲಿಲ್ಲವೆಂಬುದಕ್ಕೆ ಕಣ್ಣಾರೆ ಕಂಡವನ ಸಾಕ್ಷ್ಯವಿದೆ. ಚೀನದ ಯಾತ್ರಿಕನಾದ ಇತ್ಸಿಂಗನು ಕ್ರಿ.ಶ. 671ರಲ್ಲಿ ತನ್ನ ದೇಶದಿಂದ ಹೊರಟು, ನಾಲಂದದಲ್ಲಿ ಸುಮಾರು ಹತ್ತು ವರ್ಷ ವ್ಯಾಸಂಗ ಮಾಡಿ, 695ರಲ್ಲಿ ಹಿಂದಿರುಗಿದನು. ಮೇಲೆ ಹೇಳಿದ ವಿನಯವನ್ನು ಚೀನಾ ಭಾಷೆಗೆ ತಂದವನೂ ಆತನೇ. ಭಾರತದ ವಿಹಾರಗಳಲ್ಲಿ ಮೊಗಸಾಲೆಯಲ್ಲಾಗಲಿ ಭೋಜನಶಾಲೆಯ ಮೂಲೆಯಲ್ಲಾಗಲಿ ಹಾರಿತಿಯ ಪ್ರತಿಮೆಯಿರುತ್ತದೆಂದೂ, ಆಕೆಯ ಕೈಯಲ್ಲಿ ಒಂದು ಕೂಸೂ ಮೊಣಕಾಲಿನ ಸುತ್ತ ಮೂರೋ ಐದೋ ಮಕ್ಕಳೂ ಇರುವರೆಂದೂ, ಪ್ರತಿದಿನವೂ ಆ ಪ್ರತಿಮೆಯ ಮುಂದೆ ಅನ್ನವನ್ನಿಡುವರೆಂದೂ, ಸಂತಾನವಿಲ್ಲದವರು ಆಕೆಗೆ ಆಹಾರವನ್ನರ್ಪಿಸಿ ಬೇಡಿಕೊಂಡರೆ ಕೋರಿಕೆಯು ಕೈಗೂಡುವುದೆಂದು ಜನರು ನಂಬಿರುವರೆಂದೂ ಆತನು ಬರೆದಿದ್ದಾನೆ. ದೊಡ್ಡ ವಿಹಾರಗಳ ಅಡಿಗೆಮನೆಯ ಕಂಬದ ಬಳಿ ಎಣ್ಣೆ ಬಳಿದು ಕಪ್ಪಾದ ಮಹಾಕಾಲನ ವಿಗ್ರಹವೂ ಇರುತ್ತಿತ್ತಂತೆ. ನಿರ್ವಾಣವನ್ನರಸಿ ಮನೆಮಾರುಗಳನ್ನು ಬಿಟ್ಟುಬಂದ ಸಂನ್ಯಾಸಿಗಳ ಊಟದ ಮನೆಯಲ್ಲಿ ಮಕ್ಕಳೊಂದಿಗಳ ಮೂರ್ತಿಯಿದ್ದುದು ಮೇಲುನೋಟಕ್ಕೆ ಸೋಜಿಗವೇ. ಆದರೆ ಆ ಭಿಕ್ಷುಗಳ ಪಾತ್ರೆಗೆ ಅನ್ನವನ್ನಿಕ್ಕುತ್ತಿದ್ದವರು ಊರಿನ ಗೃಹಿಣಿಯರು. ಧ್ಯಾನ ಸಮಾಧಿಗಳಿಗಿಂತ ಮೊದಲು ಅವರಿಗೆ ಬೇಕಾಗಿದ್ದುದು ತೊಟ್ಟಿಲಿನ ಕೂಸು ಬದುಕುವುದು. ಆ ಬೇಡಿಕೆಗೆ ಬಾಗಿಲು ಮುಚ್ಚಿದ ಯಾವ ಧರ್ಮವೂ ಹಳ್ಳಿಗಳಲ್ಲಿ ನೆಲೆನಿಂತಂತೆ ಕಾಣೆವು.

ಇತ್ಸಿಂಗನಿಗಿಂತ ಹಿಂದೆ ಬಂದ ಹುಯೆನ್‌ತ್ಸಾಂಗನು ಗಂಧಾರದಲ್ಲಿ, ಪುಷ್ಕಲಾವತಿಯ ಸಮೀಪದಲ್ಲಿ, ಬುದ್ಧನು ಈ ಯಕ್ಷಮಾತೆಯನ್ನು ತಿದ್ದಿದ ಸ್ಥಳವೆಂದು ತೋರಿಸುತ್ತಿದ್ದ ಸ್ತೂಪವನ್ನು ಕಂಡು, ಸಂತಾನಾರ್ಥಿಗಳು ಅಲ್ಲಿ ಪೂಜೆ ಸಲ್ಲಿಸುವರೆಂದು ಬರೆದಿದ್ದಾನೆ. ಫ್ರಾನ್ಸಿನ ವಿದ್ವಾಂಸರಾದ ಫೂಷೇ ಎಂಬವರು ಆ ಸ್ಥಳವನ್ನು ಅಲ್ಲಿಯ ಒಂದು ಮಣ್ಣಿನ ದಿಬ್ಬವೆಂದು ಗುರುತಿಸಿದರು. ಆ ದಿಬ್ಬದ ಮಣ್ಣಿಗೆ ಮಕ್ಕಳನ್ನು ಸಿಡುಬಿನಿಂದ ಕಾಯುವ ಗುಣವಿದೆಯೆಂದು ಸುತ್ತಲಿನ ಜನರು ಆಗಲೂ ನಂಬಿದ್ದರು. ಬೌದ್ಧಧರ್ಮವು ಆ ಸೀಮೆಯಿಂದ ಮರೆಯಾಗಿ ಎಷ್ಟೋ ಶತಮಾನಗಳಾಗಿದ್ದುವು. ಹಾರಿತಿಯ ಹೆಸರನ್ನು ಅಲ್ಲಿ ಯಾರೂ ಬಲ್ಲವರಿರಲಿಲ್ಲ. ಗಂಧಾರದ ಶಿಲ್ಪಿಗಳು ಆಕೆಯನ್ನು ಪಾಂಚಿಕನ ಪಕ್ಕದಲ್ಲಿ ಕುಳ್ಳಿರಿಸಿ, ಹೆಗಲ ಮೇಲೂ ತೊಡೆಯ ಮೇಲೂ ಕಾಲ ಬಳಿಯಲ್ಲೂ ಮಕ್ಕಳನ್ನು ಹತ್ತಿಸಿ ಕಂಡರಿಸಿದ್ದಾರೆ. ಪೇಷಾವರದ ವಸ್ತುಸಂಗ್ರಹಾಲಯದಲ್ಲಿರುವ ಸಹ್ರಿ ಬಹ್ಲೋಲಿನ ಶಿಲ್ಪವು ಇದಕ್ಕೆ ಒಳ್ಳೆಯ ಉದಾಹರಣೆ.

ಆದರೆ ಹಾರಿತಿಯ ಗುಡಿಯನ್ನು ಸಾಂಗವಾಗಿ ನೋಡಬೇಕೆನ್ನುವವರು ಅಜಂತೆಯ ಎರಡನೆಯ ಗುಹೆಗೆ ಹೋಗಬೇಕು. ಕ್ರಿ.ಶ. ಐದನೆಯ ಶತಮಾನದ ಉತ್ತರಾರ್ಧದಲ್ಲಿ, ವಾಕಾಟಕರ ಕಾಲದಲ್ಲಿ, ಕೊರೆದ ಈ ವಿಹಾರದ ಹಿಂಗೋಡೆಯಲ್ಲಿ ಬುದ್ಧನ ಗರ್ಭಗೃಹದ ಎಡಬಲಗಳಲ್ಲಿ ಎರಡು ಚಿಕ್ಕ ಗುಡಿಗಳಿವೆ. ಅವುಗಳಲ್ಲಿ ಒಂದು ಹಾರಿತಿ ಪಾಂಚಿಕರದು. ದಂಪತಿಗಳಿಬ್ಬರೂ ಭಾರಿಯಾದ ಆಳ್ತನದಲ್ಲಿ ಕುಳಿತಿದ್ದಾರೆ. ಹಾರಿತಿಯ ತೊಡೆಯ ಮೇಲೆ ಮಗು. ಮೇಲೆ ಒಂದು ಕಡೆಯಲ್ಲಿ ಆಕೆಯು ಕೋಪೋದ್ರಿಕ್ತಳಾಗಿ ಬುದ್ಧನ ಮೇಲೆ ಬೀಳುತ್ತಿರುವುದನ್ನೂ, ಇನ್ನೊಂದು ಕಡೆಯಲ್ಲಿ ಶಾಂತಳಾಗಿ ಆತನಿಗೆ ನಮಿಸುತ್ತಿರುವುದನ್ನೂ ಕೆತ್ತಿದ್ದಾರೆ. ಇವೆಲ್ಲಕ್ಕಿಂತ ಪೀಠದ ಪಟ್ಟಿಕೆಯು ನಮ್ಮ ಮನಸ್ಸನ್ನು ಸೆಳೆಯುತ್ತದೆ. ಅಲ್ಲಿ ಕೂಲಿಮಠವೊಂದು ನಡೆಯುತ್ತಿದೆ! ಒಂದು ತುದಿಯಲ್ಲಿ ಉಪಾಧ್ಯಾಯನು ಬೆತ್ತವನ್ನು ಹಿಡಿದಿದ್ದಾನೆ. ಆತನ ಹತ್ತಿರದ ಹುಡುಗರು ಹಲಗೆಗಳ ಮೇಲೆ ಕಣ್ಣಿಟ್ಟು ಓದುತ್ತಿದ್ದಾರೆ. ದೂರದವರು ಓದನ್ನು ಬಿಟ್ಟು ಕಚ್ಚಾಡುತ್ತ ಟಗರಿನೊಡನೆ ಆಡುತ್ತಿದ್ದಾರೆ. ಯಕ್ಷಿಯ ಐನೂರು ಮಕ್ಕಳೂ ಕೊನೆಗೆ ಮಠಕ್ಕೆ ಹೋಗಿ ಪೆಟ್ಟು ತಿನ್ನಬೇಕಾಯಿತೆಂದು ಆ ಶಿಲ್ಪಿಯು ನಗುತ್ತ ಕೆತ್ತಿರಬೇಕು. ಗುಡಿಯ ಪಕ್ಕದ ಗೋಡೆಗಳ ಮೇಲೆ, ಮಕ್ಕಳನ್ನು ಕರೆದುಕೊಂಡು ಕಾಣಿಕೆಗಳನ್ನು ಹಿಡಿದು ಬರುತ್ತಿರುವ ಹೆಂಗಸರ ವರ್ಣಚಿತ್ರಗಳಿವೆ. ಹಾರಿತಿಯ ಬಳಿಗೆ ಯಾರು ಬರುತ್ತಿದ್ದರು, ಏಕೆ ಬರುತ್ತಿದ್ದರು ಎಂಬ ಪ್ರಶ್ನೆಗೆ ಆ ಗೋಡೆಗಳೇ ಉತ್ತರ ಹೇಳುತ್ತವೆ.

ಈಗ ಬೌದ್ಧರ ರಾಜಗೃಹವನ್ನು ಬಿಟ್ಟು ಮಹಾಭಾರತದ ಗಿರಿವ್ರಜಕ್ಕೆ ಹೋಗೋಣ. ಹೋಗುವುದೆಂದರೆ ಹೆಜ್ಜೆಯನ್ನು ಎತ್ತಬೇಕಾದುದಿಲ್ಲ. ಎರಡೂ ಒಂದೇ ಊರು. ಮಗಧದ ಬೃಹದ್ರಥನಿಗೆ ಕಾಶೀರಾಜನ ಅವಳಿ ಹೆಣ್ಣುಮಕ್ಕಳು ರಾಣಿಯರು. ಮಕ್ಕಳಿಲ್ಲದ ರಾಜನು ಚಂಡಕೌಶಿಕನೆಂಬ ಋಷಿಯನ್ನು ಆಶ್ರಯಿಸಲು, ಋಷಿಯು ಮಾವಿನ ಮರದಡಿಯಲ್ಲಿ ಕುಳಿತಿರುವಾಗ ಮಡಿಲಿಗೆ ಬಿದ್ದ ಹಣ್ಣನ್ನು ಮಂತ್ರಿಸಿ ಕೊಟ್ಟನು. ರಾಣಿಯರು ಅದನ್ನು ಸಮನಾಗಿ ಹಂಚಿಕೊಂಡು ತಿಂದರು. ಹುಟ್ಟಿದ ಮಗುವೂ ಎರಡು ಹೋಳು. ಹೆದರಿದ ದಾದಿಯರು ಆ ಹೋಳುಗಳನ್ನು ಚೌಕದಲ್ಲಿ ಎಸೆದು ಬಂದರು. ಮಾಂಸವನ್ನರಸಿ ಬಂದ ಜರೆಯೆಂಬ ರಾಕ್ಷಸಿಯು ಹೊರಲು ಅನುಕೂಲವಾಗಲೆಂದು ಎರಡನ್ನೂ ಕೂಡಿಸಿದಳು. ಕೂಡಿದೊಡನೆ ಮಗು ಗುಡುಗಿನಂತೆ ಅತ್ತಿತು. ಆಕೆ ಅದನ್ನು ತಿನ್ನಲಿಲ್ಲ. ತಂದು ರಾಜನಿಗೆ ಒಪ್ಪಿಸಿದಳು. ಜರಾಸಂಧನ ಈ ಹುಟ್ಟನ್ನು ನಮ್ಮವರು ಕೇಳಿಯೇ ಇರುತ್ತಾರೆ. ಕುಮಾರವ್ಯಾಸನ ಸಭಾಪರ್ವದ ಜರಾಸಂಧವಧೆಯು ಗಮಕಿಗಳಿಗೆ ಪ್ರಿಯವಾದ ಪ್ರಸಂಗ.

ಆದರೆ ಸಂಸ್ಕೃತ ಭಾರತದಲ್ಲಿ ಜರೆಯು ರಾಜನಿಗೆ ಹೇಳುವ ಮಾತುಗಳಲ್ಲಿ ಒಂದು ಸಂಗತಿಯು ಅಡಗಿದೆ. ತಾನು ಮನುಷ್ಯರ ಮನೆಮನೆಯಲ್ಲಿಯೂ ಇರುವ ಗೃಹದೇವಿಯೆಂದೂ, ಮಕ್ಕಳಿಂದ ಸುತ್ತುವರಿದ ಯುವತಿಯಾಗಿ ತನ್ನನ್ನು ಗೋಡೆಯ ಮೇಲೆ ಬರೆದು ಭಕ್ತಿಯಿಂದ ಪೂಜಿಸುವವರ ಮನೆ ಏಳಿಗೆಯಾಗುವುದೆಂದೂ, ಹಾಗೆ ಮಾಡದ ಮನೆಗೆ ಹಾನಿಯೆಂದೂ, ಬೃಹದ್ರಥನ ಮನೆಯ ಗೋಡೆಯ ಮೇಲೆ ತನ್ನ ಚಿತ್ರವಿದ್ದು ತನಗೆ ಪೂಜೆ ನಡೆಯುತ್ತಿರುವುದರಿಂದಲೇ ಈ ಉಪಕಾರವನ್ನು ಮಾಡಿದೆನೆಂದೂ ಆಕೆ ಹೇಳುತ್ತಾಳೆ. ರಾಜನು ಸಂತೋಷಗೊಂಡು ಮಗಧದಲ್ಲಿ ಆ ರಾಕ್ಷಸಿಗೆ ಮಹೋತ್ಸವವನ್ನು ನಡೆಯಿಸಲು ಅಪ್ಪಣೆ ಮಾಡಿದನಂತೆ.

ಒಂದೇ ನಗರ, ಎರಡರಲ್ಲಿಯೂ ಮಾವಿನ ಹಣ್ಣು, ಎರಡರಲ್ಲಿಯೂ ಮಕ್ಕಳನ್ನು ತಿನ್ನಬೇಕಾದವಳು ಮಕ್ಕಳನ್ನು ಕೊಡುವವಳಾದುದು, ಎರಡರಲ್ಲಿಯೂ ಮಕ್ಕಳಿಂದ ಸುತ್ತುವರಿದ ತರುಣಿಯ ಚಿತ್ರ. ಯಾರಿಂದ ಯಾರು ಪಡೆದರೆಂಬ ವಾದವನ್ನು ಇಲ್ಲಿ ಹೂಡಬಹುದು. ಆದರೆ ನಮಗೆ ಅದು ನಿಷ್ಪ್ರಯೋಜಕವೆಂದು ತೋರುತ್ತದೆ. ವಿನಯವನ್ನು ಬರೆದ ಭಿಕ್ಷುಗಳಾಗಲಿ ಭಾರತವನ್ನು ಬೆಳೆಯಿಸಿದ ಸೂತರಾಗಲಿ ಈ ದೇವತೆಯನ್ನು ಸೃಷ್ಟಿಸಿದವರಲ್ಲ. ಮಗಧದ ಬಾಣಂತಿಯರ ಕೋಣೆಯ ಗೋಡೆಯ ಮೇಲೆ ಆಕೆ ಅವರಿಗಿಂತ ಮೊದಲೇ ಇದ್ದಿರಬೇಕು. ಸುಣ್ಣದ ಮೇಲೆ ಕೆಮ್ಮಣ್ಣಿನಿಂದ ಅಜ್ಜಿಯರು ಬರೆದ ಆ ಚಿತ್ರಗಳು ಅಳಿಸಿಹೋದುವು. ಅವುಗಳನ್ನು ಕಂಡವರು ಬರೆದ ಎರಡು ಕಥೆಗಳು ಉಳಿದುಕೊಂಡುವು.

ಮಹಾಭಾರತದ ವನಪರ್ವದಲ್ಲಿ ಈ ವಿಚಾರವು ಇನ್ನೂ ಬಿಚ್ಚಿ ಬರುತ್ತದೆ. ಸ್ಕಂದನು ಹುಟ್ಟಿದಾಗ ಲೋಕಮಾತೆಯರು ಆತನನ್ನು ಕೊಲ್ಲುವುದಕ್ಕಾಗಿ ಬಂದು, ಕಂಡೊಡನೆ ಎದೆಯಲ್ಲಿ ಹಾಲೂರಿ ತಾಯಂದಿರಾದರು. ಮುಂದೆ ಮಾತೃಗಣವು ಆತನನ್ನು ಬೇಡಿದ ವರವು ಘೋರವಾದುದು: ಪರರ ಮಕ್ಕಳು ನಮಗೆ ಆಹಾರವಾಗಲಿ. ನೀವು ಬೇಡಿದುದು ಕಷ್ಟವಾದುದು ಎಂದು ಹೇಳಿ ಸ್ಕಂದನು ಒಂದು ರಾಜಿಯನ್ನು ಮಾಡಿಸಿದನು. ಮಕ್ಕಳಿಗೆ ಹದಿನಾರು ವರ್ಷ ತುಂಬುವವರೆಗೆ ಅವರನ್ನು ನಾನಾ ರೂಪಗಳಿಂದ ಕಾಡುವ ಅಧಿಕಾರ ಆ ಮಾತೆಯರಿಗೆ. ನಮಿಸಿ ಪೂಜಿಸಿದವರ ಮಕ್ಕಳನ್ನು ಅವರು ಕಾಯಬೇಕು. ಅಲ್ಲಿಯೇ ಪೂತನೆ, ಶೀತಪೂತನೆ, ರೇವತಿ, ಮುಖಮಂಡಿಕೆ ಮೊದಲಾದ ಗ್ರಹಗಳ ಹೆಸರುಗಳು ಬರುತ್ತವೆ. ಹೊಂಗೆಯ ಮರದಲ್ಲಿ ವೃಕ್ಷಗಳ ತಾಯಿ ಇರುವಳೆಂದೂ ಪುತ್ರಾರ್ಥಿಗಳು ಆ ಮರಕ್ಕೆ ನಮಸ್ಕರಿಸುವರೆಂದೂ, ಸ್ಕಂದನ ದಾದಿಯಾದ ಲೋಹಿತಾಯನಿಯನ್ನು ಕದಂಬವೃಕ್ಷದಲ್ಲಿ ಪೂಜಿಸುವರೆಂದೂ ಹೇಳಿದೆ. ಈ ಕೊನೆಯ ಮಾತನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ವೈದ್ಯರು ಈ ಗ್ರಹಗಳನ್ನು ಬಿಟ್ಟುಬಿಡಲಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಒಂಬತ್ತು ಬಾಲಗ್ರಹಗಳಿವೆ. ಒಂದೊಂದಕ್ಕೂ ಜ್ವರ, ವಾಂತಿ, ಅತಿಸಾರ, ಸೆಳವು, ಮೈಯ ದುರ್ಗಂಧ ಎಂಬಿವೇ ಮೊದಲಾದ ಲಕ್ಷಣಗಳನ್ನು ಎಣಿಸಿ, ಔಷಧವನ್ನೂ ಬಲಿಯನ್ನೂ ಒಟ್ಟಿಗೆ ವಿಧಿಸಿದೆ. ಕೂಸುಗಳ ಹಾಸಿಗೆಯ ಬಳಿ ಎಚ್ಚರವಾಗಿ ಕುಳಿತು ನೋಡಿದವರಲ್ಲದೆ ಬೇರೆಯವರು ಆ ಲಕ್ಷಣಗಳನ್ನು ಬರೆಯಲಾರರು. ಏಳನೆಯ ಶತಮಾನದ ಬಾಣಭಟ್ಟನು ತನ್ನ ಕಾದಂಬರಿಯಲ್ಲಿ ರಾಣಿಯ ಸೂತಿಕಾಗೃಹವನ್ನು ವರ್ಣಿಸುವಾಗ ಷಷ್ಠೀದೇವಿಯನ್ನು ಮರೆಯಲಿಲ್ಲ. ಆ ಷಷ್ಠಿಯೇ ಉತ್ತರ ಕರ್ನಾಟಕದ ಸಟವಿ. ಮಗು ಹುಟ್ಟಿದ ಆರನೆಯ ರಾತ್ರಿ ಬಂದು ಅದರ ಹಣೆಯಲ್ಲಿ ಬರೆಯುವವಳು. ಹುಟ್ಟಿದ ಕೂಸು ಆರು ದಿನ ದಾಟಿತೆಂಬುದೇ ಒಂದು ಹಬ್ಬವಾಗಿದ್ದ ಕಾಲವನ್ನು ನಾವು ಮರೆತಿದ್ದೇವೆ. ಆ ಕಾಲದ ದೇವತೆಗಳು ಇವರು.

ಇನ್ನು ನಮ್ಮ ನಾಡಿನ ಶಾಸನಗಳ ಮಾತು. ಬನವಾಸಿಯಲ್ಲಿ ಆಳಿದ ಚುಟು ಶಾತಕರ್ಣಿಗಳು ತಮ್ಮನ್ನು ಹಾರಿತೀಪುತ್ರರೆಂದು ಕರೆದುಕೊಂಡಿದ್ದಾರೆ. ಶಿವಮೊಗ್ಗ ಜಿಲ್ಲೆಯ ಮಳವಳ್ಳಿಯ ಕಂಬದಲ್ಲಿ ಇದನ್ನು ಓದಬಹುದು. ಅವರ ಬಳಿಕ ಬಂದ ಕದಂಬರೂ ಮಾನವ್ಯಗೋತ್ರದ ಹಾರಿತೀಪುತ್ರರು. ಬಾದಾಮಿಯ ಚಾಲುಕ್ಯರೂ ಹಾಗೆಯೇ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಕ್ರಿ.ಶ. 578ರ ಮಂಗಳೇಶನ ಶಾಸನದಲ್ಲಿ ಈ ಬಿರುದು ಇದೆ. ಇಷ್ಟನ್ನು ಕಂಡೊಡನೆ, ನಮ್ಮ ಅರಸರು ಮಕ್ಕಳ ತಾಯಿಯಾದ ಆ ಯಕ್ಷಿಯ ಸಂತತಿಯೆಂದು ಹೇಳಿಕೊಂಡರೆಂದು ಹಾರಿಬಿಡುವ ಆಸೆಯಾಗುತ್ತದೆ. ಹಾಗೆ ಮಾಡಲಾಗದು. ಶಾತವಾಹನರಲ್ಲಿ ಗೌತಮೀಪುತ್ರ, ವಾಸಿಷ್ಠೀಪುತ್ರರಿದ್ದಂತೆ, ತಾಯಿಯ ಗೋತ್ರದಿಂದ ಮಗನನ್ನು ಹೆಸರಿಸುವುದು ದಕ್ಷಿಣಾಪಥದ ರಾಜರಲ್ಲಿ ರೂಢಿಯಾಗಿದ್ದಿತು. ಹಾರಿತಗೋತ್ರದವಳ ಮಗನು ಹಾರಿತೀಪುತ್ರ. ಇದೇ ನೇರವಾದ ಅರ್ಥ. ಕಾಲಕ್ರಮದಲ್ಲಿ ಈ ಅರ್ಥವೂ ಮಸುಕಾಯಿತು. ಕಲ್ಯಾಣದ ಚಾಲುಕ್ಯರ ಕಾಲದ ವಂಶಕಥನಗಳಲ್ಲಿ ಹಾರಿತಿಯು ಪಂಚಶಿಖನಾದ ಋಷಿಯಾಗಿ, ಆತನ ಅರ್ಘ್ಯದ ಚುಳುಕದಿಂದ ಚಾಲುಕ್ಯಮೂಲಪುರುಷನು ಹುಟ್ಟಿದನೆಂಬ ಕಥೆಯೂ ಬೆಳೆಯಿತು.

ಆದರೆ ಬಿರುದನ್ನು ಬಿಟ್ಟುಕೊಟ್ಟರೆ ವಿಷಯವನ್ನೇ ಬಿಟ್ಟುಕೊಟ್ಟಂತಾಗುವುದಿಲ್ಲ. ಅದೇ ಶಾಸನಗಳಲ್ಲಿ ಅದೇ ಬಿರುದಿನ ಪಕ್ಕದಲ್ಲಿ ಇನ್ನೊಂದು ಮಾತಿದೆ. ಕದಂಬರು ಸ್ವಾಮಿಮಹಾಸೇನನನ್ನೂ ಮಾತೃಗಣವನ್ನೂ ಧ್ಯಾನಿಸಿ ಅಭಿಷಿಕ್ತರಾದವರು. ಚಾಲುಕ್ಯರು ಸಪ್ತಲೋಕಗಳಿಗೆ ತಾಯಂದಿರಾದ ಸಪ್ತಮಾತೃಕೆಯರಿಂದ ಬೆಳೆಯಿಸಲ್ಪಟ್ಟವರು. ಕಾರ್ತಿಕೇಯನ ರಕ್ಷಣೆಯಿಂದ ಶ್ರೇಯಸ್ಸನ್ನು ಪಡೆದವರು. ಈ ಮಹಾಸೇನನೇ ವನಪರ್ವದ ಸ್ಕಂದ. ಈ ಮಾತೃಗಣವೇ ಪರರ ಮಕ್ಕಳನ್ನು ಆಹಾರವಾಗಿ ಬೇಡಿದ ಮಾತೃಗಣ. ತಾಳಗುಂದದ ಸ್ತಂಭಶಾಸನದಲ್ಲಿ ಕವಿ ಕುಬ್ಜನು ಮಯೂರಶರ್ಮನನ್ನು ಷಡಾನನನೇ ಮಾತೆಯರೊಡಗೂಡಿ ಅಭಿಷೇಕಿಸಿದನೆಂದೂ, ಆ ಮನೆತನದ ಮನೆಯ ಬಳಿ ಕದಂಬವೃಕ್ಷವೊಂದು ಬೆಳೆದಿದ್ದು ಅದನ್ನು ಅವರು ಆರೈಕೆ ಮಾಡಿದುದರಿಂದ ಆ ಹೆ‌ಸರಾಯಿತೆಂದೂ ಹೇಳುತ್ತಾನೆ. ಸ್ಕಂದನ ದಾದಿಗೆ ಕದಂಬದಲ್ಲಿ ಪೂಜೆಯೆಂದ ಭಾರತದ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಆ ಮರವು ಕೇವಲ ನೆರಳಿನ ಮರವಾಗಿರಲಿಲ್ಲವೆಂದು ನಾವು ಊಹಿಸುತ್ತೇವೆ. ಇದು ಊಹೆಯೆಂಬುದನ್ನೂ ಕೂಡಲೇ ಹೇಳಿಬಿಡುವುದು ಕ್ಷೇಮ.

ರಾಜನು ತನ್ನನ್ನು ಮಾತೆಯರ ಕೈಯಲ್ಲಿ ಬೆಳೆದ ಕೂಸೆಂದು ಸಾರಿಕೊಂಡನೆಂದರೆ, ಎಲ್ಲ ತೊಟ್ಟಿಲುಗಳಿಗೂ ಇದ್ದ ಭಯವನ್ನು ದಾಟಿ ಬಂದವನು ತಾನೆಂದು ಹೇಳಿಕೊಂಡಂತೆ. ಪ್ರಜೆಗಳಿಗೆ ಆ ಮಾತು ಅರ್ಥವಾಗುತ್ತಿತ್ತು. ಐಹೊಳೆಯ ರಾವಣಫಡಿ ಗುಹೆಯಲ್ಲಿ ಕುಣಿಯುವ ಶಿವನ ಸುತ್ತ ಎತ್ತರದ ಮಕುಟಗಳ ಆ ಏಳು ಮಂದಿ ಸ್ತ್ರೀಯರು ನಿಂತಿದ್ದಾರೆ. ಜೊತೆಗೆ ಗಣಪತಿಯೂ ಕಾರ್ತಿಕೇಯನೂ ಇದ್ದಾರೆ. ಮಥುರೆಯಲ್ಲಿ ಕುಷಾಣರ ಕಾಲದ ಮಾತೃಕೆಯರಿಗೆ ಪಕ್ಷಿಯ ಮುಖ, ಮೃಗದ ಮುಖ; ತೋಳಿನಲ್ಲಿ ಕೂಸು. ಚಾಲುಕ್ಯರ ಕಾಲಕ್ಕೆ ಆ ಮುಖಗಳು ರಾಜಸಭೆಗೆ ತಕ್ಕ ಮುಖಗಳಾಗಿ, ಬ್ರಾಹ್ಮೀ ಮಾಹೇಶ್ವರೀ ಕೌಮಾರೀ ಎಂಬ ಹೆಸರುಗಳು ಬಂದುವು. ಕೊನೆಯಲ್ಲಿರುವ ಚಾಮುಂಡೆ ಹಳೆಯ ಮೊಗವನ್ನು ಬಿಟ್ಟುಕೊಡಲಿಲ್ಲ.

ಬೌದ್ಧ ಹಾರಿತಿಯೂ ನಮ್ಮ ನೆರೆಗೆ ಬಂದಿದ್ದಳು. ಕೃಷ್ಣಾತೀರದ ನಾಗಾರ್ಜುನಕೊಂಡದ ಉತ್ಖನನದಲ್ಲಿ ಆಕೆಯ ಗುಡಿ ಹೊರಪಟ್ಟಿತು. ಅಲ್ಲಿಂದಾಚೆಗೆ ಆಕೆ ಹೋದ ದೂರವನ್ನು ವಿವರಿಸಹೊರಟರೆ ಇನ್ನೊಂದು ಉಪನ್ಯಾಸವೇ ಬೇಕಾದೀತು. ಜಾವಾದ್ವೀಪದ ಮೆಂದುತ್ ದೇವಾಲಯದ ಬಾಗಿಲ ಹಾದಿಯಲ್ಲಿ ಮಕ್ಕಳು ಮರವನ್ನು ಹತ್ತಿ ಆಡುತ್ತಿರುವಾಗ ನಡುವೆ ಆಕೆ ಕುಳಿತಿದ್ದಾಳೆ. ಬಾಲಿಯ ಗೋವಾ ಗಜದಲ್ಲಿ ಆಕೆಯ ಶಿಲಾಮೂರ್ತಿಯನ್ನು ಜನರು ಬಹುಮಕ್ಕಳ ತಾಯಿಯಾದ ಮೆನ್ ಬ್ರಯುತ್ ಎಂದು ಕರೆಯುತ್ತಾರೆ. ಬುದ್ಧನ ಕಥೆ ಅಲ್ಲಿ ಮರೆತುಹೋಗಿ ಮಕ್ಕಳು ಮಾತ್ರ ಉಳಿದಿದ್ದಾರೆ. ಜಪಾನಿನಲ್ಲಿ ಆಕೆ ಕಿಶಿಮೋಜಿನ್. ಟೋಕಿಯೋ ನಗರದ ಜೋಷಿಗಾಯದ ಗುಡಿಯಲ್ಲಿ ಆಕೆಯ ಹೆಸರನ್ನು ಬರೆಯುವಾಗ ಪಿಶಾಚವಾಚಕವಾದ ಅಕ್ಷರದ ನೆತ್ತಿಯ ಮೇಲಿನ ಗೀಟನ್ನು ಬಿಟ್ಟು ಬರೆಯುತ್ತಾರೆ. ಆ ಗೀಟು ಕೊಂಬಿನಂತಿರುವುದರಿಂದ, ಬುದ್ಧನಿಗೆ ಶರಣಾದವಳಿಗೆ ಕೊಂಬೇಕೆಂದು ಅವರ ವಾದ. ನೇಪಾಳದ ಸ್ವಯಂಭೂ ಸ್ತೂಪದ ಮಗ್ಗುಲಲ್ಲಿ ಆಕೆಗೆ ಚಿಕ್ಕ ಗುಡಿಯೊಂದಿದೆ. ನೇವಾರಿಗಳು ಆಕೆಯನ್ನು ಅಜಿಮಾ, ಎಂದರೆ ಅಜ್ಜಿ, ಎನ್ನುತ್ತಾರೆ. ಬೌದ್ಧರಿಗೆ ಹಾರಿತಿಯಾದವಳು ಹಿಂದುಗಳಿಗೆ ಸಿಡುಬಿನ ದೇವತೆಯಾದ ಶೀತಲೆ. ಇಬ್ಬರೂ ಒಂದೇ ಬಾಗಿಲಲ್ಲಿ ಮಕ್ಕಳನ್ನು ಎತ್ತಿಕೊಂಡು ನಿಲ್ಲುತ್ತಾರೆ.

ಆ ಸಿಡುಬು ಈಗಿಲ್ಲ. ಭಾರತದಲ್ಲಿ ಅದರ ಕೊನೆಯ ಪ್ರಕರಣ ಕಂಡುದು 1975ರಲ್ಲಿ. ಭೂಮಂಡಲದಿಂದಲೇ ಅದು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯವರು 1980ರಲ್ಲಿ ಘೋಷಿಸಿದರು. ಅದನ್ನು ತೊಲಗಿಸಿದ ಕ್ರಮವು ಭರತಖಂಡಕ್ಕೆ 1802ರಲ್ಲಿ ಬಂದಿತು. ಥಾಮಸ್ ಹಿಕಿ ಎಂಬ ಚಿತ್ರಗಾರನು 1805ರ ಸುಮಾರಿನಲ್ಲಿ ಬರೆದ, ಮೂವರು ಸ್ತ್ರೀಯರುಳ್ಳ ಒಂದು ವರ್ಣಚಿತ್ರವಿದೆ. ಅವರು ಮೈಸೂರು ಅರಮನೆಯ ರಾಣಿಯರೆಂದೂ, ಅವರಲ್ಲಿ ಕಿರಿಯವಳು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ಈ ಚಿಕಿತ್ಸೆಯನ್ನು ಪ್ರಜೆಗಳು ಅಂಜದೆ ಸ್ವೀಕರಿಸಲೆಂದೂ ಇತಿಹಾಸಕಾರರೊಬ್ಬರು ವ್ಯಾಖ್ಯಾನಿಸಿದ್ದಾರೆ. ಅಂಜಿಕೆಯು ಸಹಜವಾಗಿತ್ತು, ಅಮ್ಮನ ಕೆಲಸದಲ್ಲಿ ಮನುಷ್ಯರು ಕೈಹಾಕುವುದೆಂದರೇನು? ಆದರೆ ಜನರು ಇದಕ್ಕೂ ಒಂದು ದಾರಿಯನ್ನು ಕಂಡುಕೊಂಡರು. ನಮ್ಮ ಮೈಸೂರು ಸೀಮೆಯವರು ಆ ಚುಚ್ಚುವಿಕೆಗೆ ಮೈಲಿ ಹಾಕಿಸುವುದೆಂದರು. ಉತ್ತರದ ಜಿಲ್ಲೆಗಳ ಕನ್ನಡಿಗರು ಅದನ್ನು ದೇವಿ ಹಾಕಿಸುವುದೆಂದು ಕರೆದರು. ಹಾಗೆ ಹಾಕಿಸಿಕೊಂಡ ದೇವಿಯ ದುಂಡನೆಯ ಗುರುತು ವಯಸ್ಸಾದವರ ತೋಳುಗಳ ಮೇಲೆ ಇಂದಿಗೂ ಇದೆ.